ಚಿರತೆಯ ನೆರೆಯಲ್ಲಿ ಗೆಲುವಿನ ಲೆಕ್ಕ

ವಿಲೆ ಪಾರ್ಲೆಯಲ್ಲಿ ಲೋಕಲ್ ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಬೊರಿವಲಿ. ಅಲ್ಲಿಳಿದು ಪೂರ್ವಕ್ಕೆ ಹೋದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲು. ಸುಮಾರು 104 ಚದರ ಕಿಲೋಮೀಟರಿನ ಕಾಡು ಅದು. ಆ ಕಾಡಿನಲ್ಲೂ ಅದಕ್ಕೆ ಅಂಟಿಕೊಂಡ ಆರೆ ಕಾಲನಿಯಲ್ಲೂ ಚಿರತೆಗಳಿವೆ. ಊರು ಮಲಗಿದ ಮೇಲೆ ಅವು ಎದ್ದು ಅಡ್ಡಾಡುತ್ತವೆ. ಜೀವವೈವಿಧ್ಯವನ್ನು ಉಳಿಸಬೇಕು ಎಂದು ನಾವೆಲ್ಲ ಹೇಳುತ್ತೇವೆ, ಸರಿ. ಆದರೆ ಉಳಿದ ಜೀವ ನಮ್ಮ ಮನೆಯ ಹಿಂಬಾಗಿಲಿಗೆ ಬಂದರೆ ಏನು ಮಾಡಬೇಕು? ಉಳಿಸುವ ಕೆಲಸ ಗೆದ್ದಿತೋ ಸೋತಿತೋ ಎಂದು ಅಳೆಯುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

2004ರ ಜೂನ್ ತಿಂಗಳು ಹಿರಿಯ ಮುಂಬಯಿಗರಿಗೆ ನೆನಪಿದ್ದೀತು. ಆ ಒಂದೇ ತಿಂಗಳಲ್ಲಿ ಉದ್ಯಾನದ ಸುತ್ತಮುತ್ತ ಸುಮಾರು ಹತ್ತು ಮಂದಿ ಚಿರತೆಗೆ ಬಲಿಯಾದರು. ಜನ ಹೆದರಿದರು, ಸಿಟ್ಟಾದರು. "ಬೋನು ಇಡಿ, ಹಿಡಿದು ದೂರ ಬಿಡಿ" ಎಂಬ ಕೂಗು ಎದ್ದಿತು. ಕೇಳಲು ನ್ಯಾಯವಾದ ಮಾತೇ. ಆದರೆ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಇದೇ ಉಪಾಯ ತಿರುಗುಬಾಣವಾಗಿತ್ತು. ಅಲ್ಲಿ 2001ರಿಂದ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ದೂರದ ಕಾಡುಗಳಿಗೆ ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ದಾಳಿ, ಈ ಸಾಗಾಟ ಶುರುವಾದ ಮೇಲೆ 17ಕ್ಕೆ ಏರಿತ್ತು!

ಕಾರಣ ತಿಳಿಯುವುದು ಕಷ್ಟವಲ್ಲ. ಪ್ರತಿ ಚಿರತೆಗೂ ತನ್ನದೇ ಸರಹದ್ದು ಇರುತ್ತದೆ. ಹಳೆಯದನ್ನು ಒಯ್ದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಒಯ್ದ ಪ್ರಾಣಿಯೋ, ಗೊತ್ತಿಲ್ಲದ ನೆಲದಲ್ಲಿ ಕಂಗೆಟ್ಟು ಅಲೆಯುತ್ತದೆ. ಹಾಗಾಗಿ ಎಷ್ಟು ಚಿರತೆ ಹಿಡಿದೆವು ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಂಡರೂ, ಅದನ್ನು ಗೆಲುವಿನ ಅಳತೆ ಎನ್ನಲು ಬಾರದು.

2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು ಮತ್ತು ನಾಗರಿಕರು ಸೇರಿ "ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ" ಎಂಬ ಯೋಜನೆ ಆರಂಭಿಸಿದರು. ಉದ್ಯಾನದ ಅಂದಿನ ಮುಖ್ಯಸ್ಥರಾಗಿದ್ದ ಸುನಿಲ್ ಲಿಮಯೆ ಇದಕ್ಕೆ ಬೆನ್ನೆಲುಬಾದರು. ಪತ್ರಕರ್ತರೊಡನೆ ಕಾರ್ಯಾಗಾರಗಳು ನಡೆದವು. ವಸತಿ ಸೊಸೈಟಿಗಳಿಗೆ, ಪಾಡಾಗಳಿಗೆ ಹೋಗಿ ಮಾತಾಡಿದರು. ಹೇಳಿದ್ದು ಸರಳ ಸಂಗತಿ: ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಚಿರತೆ ಕಂಡರೆ ಗುಂಪುಗೂಡಬೇಡಿ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ.

ಇದರಿಂದ ಎಲ್ಲವೂ ಸರಿಹೋಯಿತೆ? ಇಲ್ಲ. 2013ರ ನಂತರ ಕೆಲವು ವರ್ಷ ದಾಳಿಗಳು ಬಹಳ ಕಡಿಮೆಯಾದವು ನಿಜ. ಆದರೆ 2017ರಲ್ಲಿ, ಮತ್ತೆ 2021ರಲ್ಲಿ ಆರೆಯಲ್ಲಿ ದಾಳಿಗಳಾದವು. 2022ರ ದೀಪಾವಳಿಯ ಹೊತ್ತಿಗೆ ಅಲ್ಲೇ ಒಂದು ಪುಟ್ಟ ಮಗು ಸತ್ತಿತು. ಇತ್ತ ಕ್ಯಾಮೆರಾ ಎಣಿಕೆಯಲ್ಲಿ ಚಿರತೆಗಳು 2015ರಲ್ಲಿ 35, 2018ರಲ್ಲಿ 47. ಪ್ರಾಣಿಪ್ರಿಯರಿಗೆ ಇದು ಸಂತೋಷದ ಸಂಖ್ಯೆ. ಮಗುವನ್ನು ಕಳೆದುಕೊಂಡ ತಾಯಿಗೆ ಅದರಿಂದ ಏನು ಸಮಾಧಾನ?

ಇಲ್ಲಿ ಜಗಳ ಮನುಷ್ಯ ಮತ್ತು ಮೃಗದ ನಡುವೆ ಮಾತ್ರ ಅಲ್ಲ, ಮನುಷ್ಯ ಮನುಷ್ಯರ ನಡುವೆಯೂ ಇದೆ. ಎತ್ತರದ ಕಟ್ಟಡದಲ್ಲಿ ಇರುವವರಿಗೆ ಕಾಡು ಒಂದು ನೋಟ. ಪಾಡಾದ ವಾರಲಿ ಕುಟುಂಬಕ್ಕೆ ಅದೇ ಅಂಗಳ. ದೀಪವಿಲ್ಲದ ದಾರಿ, ಶೌಚಕ್ಕೆ ಪೊದೆಯ ಮರೆ ಎಂಬ ಸ್ಥಿತಿ ಎಲ್ಲಿ ಉಳಿದಿದೆಯೋ ಅಪಾಯವೂ ಅಲ್ಲೇ. ಸಂರಕ್ಷಣೆಯ ಹೆಮ್ಮೆ ಎಲ್ಲರಿಗೆ, ಬೆಲೆ ಮಾತ್ರ ಕೆಲವರಿಗೆ ಎಂದಾದರೆ ಆ ಕೆಲಸ ಬಹುಕಾಲ ನಿಲ್ಲದು.

ನಮ್ಮ ನಾಡಿನ ಒಂದು ಉದಾಹರಣೆ ನೋಡೋಣ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಹುಣಿಸೆ ಮರದ ಫಸಲು ಮಾಲೀಕನಿಗೆ ನಷ್ಟ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗದ ಯುವಕರು ಸಾಕಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. 2017ರ ಕೊನೆಯಿಂದ ಅಲ್ಲಿ ಜಂತುಬಾಧೆಯಿಂದ ಹಲವು ಹೆಜ್ಜಾರ್ಲೆಗಳು ಸತ್ತವು. ಬರೀ ತಲೆ ಎಣಿಸಿದರೆ ಇದು ಸೋಲು. ಆದರೆ ಅದು ಊರವರು ತಂದ ಸಾವಲ್ಲ. ಜನ ಮರಗಳನ್ನು ಉಳಿಸಿಕೊಂಡು ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಡವೆ?

ಹಾಗಾದರೆ ಅಳೆಯುವುದು ಯಾವುದನ್ನು? ಒಂದು ವರ್ಷದ ದಾಳಿಗಳನ್ನಲ್ಲ, ಹತ್ತು ವರ್ಷದ ಏರಿಳಿತವನ್ನು. ಪರಿಹಾರ ಎಷ್ಟು ಬೇಗ ಕೈಸೇರಿತು ಎಂಬುದನ್ನು. ಎಷ್ಟು ಪಾಡಾಗಳಿಗೆ ದೀಪ, ಶೌಚಾಲಯ ಬಂದವು ಎಂಬುದನ್ನು. ಚಿರತೆ ಕಂಡಾಗ ಜನ ಕಲ್ಲು ಎತ್ತಿದರೋ, ಅರಣ್ಯ ಇಲಾಖೆಗೆ ಫೋನ್ ಮಾಡಿದರೋ ಎಂಬುದನ್ನು. ಈ ಪಟ್ಟಿಯ ಪಕ್ಕದಲ್ಲಿ ಚಿರತೆಗಳ ಸಂಖ್ಯೆಯನ್ನೂ ಇಡೋಣ.

ಇದರಲ್ಲಿ ನಮ್ಮ ಪಾಲೂ ಇದೆ. ಈ ನಗರದಲ್ಲಿ ಹೋಟೆಲ್ ನಡೆಸುವ ಕನ್ನಡಿಗರು ಬಹಳ ಮಂದಿ. ಕಾಡಂಚಿನ ಬಡಾವಣೆಗಳಲ್ಲಿ ಉಳಿದ ಅನ್ನ, ಎಂಜಲೆಲೆ ರಾತ್ರಿ ಬೀದಿಗೆ ಬೀಳದಂತೆ ನೋಡಿಕೊಂಡರೂ ಅದು ದೊಡ್ಡ ಸಂರಕ್ಷಣೆಯೇ. ಸೊಸೈಟಿಯ ಸಭೆಯಲ್ಲಿ ಯಾರಾದರೂ "ಬೋನು ತರಿಸಿ" ಎಂದಾಗ "ಮೊದಲು ಕಸದ ತೊಟ್ಟಿಗೆ ಮುಚ್ಚಳ ಹಾಕಿಸೋಣ" ಎನ್ನುವ ಒಂದು ದನಿ ನಿಮ್ಮದಾಗಲಿ.