ಹಾಜರಿ ಪುಸ್ತಕದ ಲೆಕ್ಕ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಬಡತನದ ಜೊತೆಗೆ ಎಚ್‌ಐವಿಯೂ ಹೊಕ್ಕಿರುವ ಮನೆಗಳಿಗೆ ಕೊಡುವ ನೆರವಿನ ಬಗ್ಗೆ ದಾನಿಗಳು ನಮ್ಮನ್ನು ಎರಡು ಪ್ರಶ್ನೆ ಕೇಳುತ್ತಾರೆ. ಹಣ ತಲುಪಬೇಕಾದವರಿಗೆ ತಲುಪಿತೇ? ತಲುಪಿದ ಮೇಲೆ ಏನಾದರೂ ಪ್ರಯೋಜನವಾಯಿತೇ? ಝಕಾತ್ ಕೊಟ್ಟವರು ಲೆಕ್ಕ ಕೇಳುವುದು ನ್ಯಾಯವೇ. ಎಷ್ಟು ಚೆಕ್ ಹಂಚಿದೆವು ಎಂಬುದು ಖರ್ಚಿನ ಲೆಕ್ಕ. ಪ್ರಯೋಜನದ ಲೆಕ್ಕ ಬೇರೆ.

ಎಚ್‌ಐವಿಯಿಂದ ಬಹಳ ನೊಂದ ದೇಶ ಆಫ್ರಿಕಾದ ಜಿಂಬಾಬ್ವೆ. ಅಲ್ಲಿನ ಮಾನಿಕಾಲ್ಯಾಂಡ್ ಪ್ರಾಂತ್ಯದಲ್ಲಿ ಈ ಎರಡನೆಯ ಲೆಕ್ಕವನ್ನು ಮಾಡಿ ನೋಡಿದ್ದಾರೆ. ಹತ್ತು ಪ್ರದೇಶಗಳನ್ನು ಆಯ್ದು, ಒಂದೊಂದನ್ನೂ ಮೂರು ಭಾಗ ಮಾಡಿ, ಯಾವ ಭಾಗಕ್ಕೆ ಏನು ಎಂಬುದನ್ನು ಟೋಪಿಯೊಳಗೆ ಚೀಟಿ ಹಾಕಿ ಎತ್ತಿದರು. ಒಂದು ಭಾಗಕ್ಕೆ ಷರತ್ತಿಲ್ಲದ ಹಣ, ಇನ್ನೊಂದಕ್ಕೆ ಅಷ್ಟೇ ಹಣ, ಆದರೆ ಮಕ್ಕಳ ಯೋಗಕ್ಷೇಮದ ಷರತ್ತುಗಳೊಡನೆ, ಮೂರನೆಯದಕ್ಕೆ ಹಣವಿಲ್ಲ. ಎರಡು ತಿಂಗಳಿಗೊಮ್ಮೆ ಮನೆಗೆ 18 ಡಾಲರ್, ಮೂರು ಮಕ್ಕಳವರೆಗೆ ತಲಾ 4 ಡಾಲರ್. 2010ರ ಜನವರಿಯಿಂದ ಒಂದು ವರ್ಷ ಇದು ನಡೆಯಿತು. ಹಣವಿಲ್ಲದ ಭಾಗಕ್ಕೆ ಹೋಲಿಸಿದಾಗ, ಶೇ. 80ರಷ್ಟು ದಿನವಾದರೂ ಶಾಲೆಗೆ ಬರುವ 6ರಿಂದ 12 ವರ್ಷದ ಮಕ್ಕಳ ಪ್ರಮಾಣ ಷರತ್ತಿಲ್ಲದ ಕಡೆ ಶೇ. 7.2, ಷರತ್ತಿದ್ದ ಕಡೆ ಶೇ. 7.6 ಹೆಚ್ಚಿತ್ತು. ಹೆಚ್ಚು ಕಡಿಮೆ ಒಂದೇ! ಪುಟ್ಟ ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಮಾತ್ರ ಷರತ್ತು ಕೆಲಸ ಮಾಡಿತು: ಶೇ. 1.5ರ ಎದುರು ಶೇ. 16.4. ಮಗುವನ್ನು ಶಾಲೆಗೆ ಕಳಿಸಿ ಎಂದು ತಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಕಚೇರಿ ಕಾಗದಕ್ಕೆ ಒತ್ತಾಯ ಬೇಕಾಯಿತು, ಅಷ್ಟೆ.

ನಮಗೆ ಹಿಡಿಸಿದ್ದು ಇನ್ನೊಂದು. ಆ ಆಯ್ಕೆಯಲ್ಲಿ ಎಚ್‌ಐವಿ ವರದಿಯ ಮಾತೇ ಇರಲಿಲ್ಲ. ಮಕ್ಕಳಿರುವ ಮನೆಯಲ್ಲಿ ಕಡುಬಡತನವೋ, ಅನಾಥ ಮಗುವೋ, ಅಂಗವಿಕಲರೋ, ಬಹುಕಾಲದ ರೋಗಿಯೋ ಇದ್ದರೆ ಸಾಕಿತ್ತು.

ನಮ್ಮ ದೇಶದಲ್ಲಿ 2004ರಿಂದ ಎಆರ್‌ಟಿ ಮಾತ್ರೆ ಸರಕಾರದಿಂದ ಉಚಿತ. ಬಸ್ ಚಾರ್ಜು ಉಚಿತವಲ್ಲ, ಹೋದ ದಿನದ ಕೂಲಿಯೂ ಹೋಯಿತು. ತಾಯಿ ಮಾತ್ರೆ ತರಲು ಹೋದ ದಿನ ದೊಡ್ಡ ಮಗಳು ತಮ್ಮನನ್ನು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾಳೆ. ಅಂಕಪಟ್ಟಿಗೆ ಇದು ವರ್ಷದ ಕೊನೆಯಲ್ಲಿ ತಿಳಿಯುತ್ತದೆ, ಹಾಜರಿ ಪುಸ್ತಕಕ್ಕೆ ಆ ತಿಂಗಳೇ ತಿಳಿಯುತ್ತದೆ. ಮೇಷ್ಟ್ರುಗಳಾದ ನಮಗೆ ಗೊತ್ತಿರುವ ವಿದ್ಯೆ ಇದೊಂದೇ ಅನ್ನಿ.

ಹಾಗಾಗಿ ಈ ವರ್ಷದ ಅರ್ಜಿಯಲ್ಲಿ ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಮುಖ್ಯೋಪಾಧ್ಯಾಯರ ಸಹಿಯಿರುವ ಹಾಜರಿ ವಿವರ ಕೇಳಿದ್ದೇವೆ. ತಂದೆ ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬ ಕಾಲಂ ಇಲ್ಲ. ಎಚ್‌ಐವಿ ಇದೆಯೆಂದು ಯಾರಿಂದಲೂ ಬಲವಂತವಾಗಿ ಹೇಳಿಸಬಾರದೆಂದು 2017ರ ಕಾಯ್ದೆಯೂ ಹೇಳುತ್ತದೆ. ಹಣ ನೇರ ಬ್ಯಾಂಕ್ ಖಾತೆಗೆ. ವೇದಿಕೆಯೂ ಇಲ್ಲ, ಫೋಟೋವೂ ಇಲ್ಲ. ಫೋಟೋ ಇಲ್ಲದ ವರದಿ ಸಪ್ಪೆ, ಒಪ್ಪುತ್ತೇವೆ. ಆದರೆ ಒಂದು ಫೋಟೋದಿಂದ ಬಾಡಿಗೆ ಮನೆ ಬಿಡಬೇಕಾಗಿ ಬಂದರೆ ನಾವು ಕೊಟ್ಟ ನೆರವು ಯಾವ ಲೆಕ್ಕಕ್ಕೆ?

ಟೋಪಿಯ ಚೀಟಿ ನಮ್ಮಿಂದಾಗದು. ಹಣವಿದ್ದೂ ಒಂದು ಮನೆಗೆ ಇಲ್ಲ ಎನ್ನಲಾರೆವು. ಬದಲಿಗೆ ನೆರವಿಗೆ ಮುಂಚಿನ ಹಾಜರಿ, ನಂತರದ ಹಾಜರಿ, ಪಕ್ಕದಲ್ಲಿ ಇಡೀ ತರಗತಿಯ ಸರಾಸರಿ, ಇಷ್ಟನ್ನು ಹೆಸರಿಲ್ಲದೆ ದಾನಿಗಳ ಮುಂದಿಡುತ್ತೇವೆ. ತಿಂಗಳು ತಿಂಗಳೂ ಶಾಲೆ ತಪ್ಪುವ ಮಕ್ಕಳ ಮನೆಗೆ ಕಾರಣ ಕೇಳದೆ ಬಸ್ ಚಾರ್ಜನ್ನೂ ಸೇರಿಸಿ ಕೊಡಬೇಕೆಂಬ ಪ್ರಸ್ತಾಪ ಈ ಸಭೆಯ ಮುಂದಿದೆ. ಶಾಲೆ ಶುರುವಾಗುವ ಮುಂಚೆ ಹಣ ತಲುಪಬೇಕಾದರೆ ಇಂದೇ ಒಪ್ಪಿಗೆ ಕೊಡಬೇಕೆಂದು ಕೋರುತ್ತೇವೆ.