ಬೀದಿಬೆಕ್ಕಿಗೊಂದು ಮನೆ



ಈ ಮೇಜಿನ ಹಿಂದೆ ನಿಂತು ಮಾತನಾಡಿದವರು ಬಸವಣ್ಣನವರ ಬಗ್ಗೆ ಹೇಳಿದ್ದಾರೆ, ಕುಮಾರವ್ಯಾಸನ ಬಗ್ಗೆ ಹೇಳಿದ್ದಾರೆ, ಸಕ್ಕರೆ ಕಾಯಿಲೆಯ ಬಗ್ಗೆಯೂ ಹೇಳಿದ್ದಾರೆ. ನಾವು ಬೆಕ್ಕಿನ ಬಗ್ಗೆ ಮಾತನಾಡುವೆವೆಂದಾಗ ಕಾರ್ಯದರ್ಶಿಗಳು ನಕ್ಕರು. ನಗಲಿ. ಕೋಪರಿಯಲ್ಲಿ ಇರುವವನಿಗೆ ಬೆಕ್ಕು ದೂರದ ವಿಷಯವಲ್ಲ. ಒಂದು ಬದಿಗೆ ರೈಲುದಾರಿ, ಇನ್ನೊಂದು ಬದಿಗೆ ಖಾಡಿ, ನಡುವೆ ಮೀಠಬಂದರದ ರಸ್ತೆ, ಚೆಂದಣಿ ಕೋಳಿವಾಡೆ. ಹೊಸದಾಗಿ ಊರಿನಿಂದ ಬಂದವರಿಗೆ ಹೇಳಿಬಿಡುವೆವು: ಕೋಳಿವಾಡೆಯೆಂದರೆ ನಮ್ಮ ಕೂಗುವ ಕೋಳಿಯ ವಾಡೆಯಲ್ಲ, ಕೋಳಿ ಜನರೆಂಬ ಬೆಸ್ತರ ಕೇರಿ. ಮೀನಿನ ಬುಟ್ಟಿ ಇದ್ದಲ್ಲಿ ಬೆಕ್ಕು ಇರದೆ ಹೇಗೆ? ಆದರೆ ಈ ಬೆಕ್ಕುಗಳು ನಿಮ್ಮ ಕಾಲಿಗೆ ಮೈ ಉಜ್ಜುವ ಜಾತಿಯವಲ್ಲ. ನೀವು ಒಂದು ಹೆಜ್ಜೆ ಇಟ್ಟರೆ ಅವು ಹತ್ತು ಹೆಜ್ಜೆ ಹಾರುವವು. ಅಂಥದನ್ನು ಪಳಗಿಸಿ ಮನೆಗೆ ತರುವದು ಸಾಧ್ಯವೋ, ತಂದರೆ ನಮ್ಮಂಥವರ ಖೋಲಿಯಲ್ಲಿ ಅದು ಬಾಳೀತೋ ಎಂಬುದೇ ಇಂದಿನ ಮಾತು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ನಾವೆಲ್ಲ ಅಜ್ಜಿಯ ಬಾಯಿಂದ ಕೇಳಿದವರೇ. ಕೃಷ್ಣದೇವರಾಯನು ಇಲಿಗಳ ಕಾಟ ಕಳೆಯಲು ಒಬ್ಬೊಬ್ಬರಿಗೆ ಒಂದು ಬೆಕ್ಕನ್ನೂ ಅದಕ್ಕೆ ಹಾಲು ಕೊಡಲು ಒಂದು ಆಕಳನ್ನೂ ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೆ ಓಡತೊಡಗಿತು. ಆಕಳ ಹಾಲೆಲ್ಲ ರಾಮಕೃಷ್ಣನ ಪಾಲಾಯಿತು. ನಾವು ಅವನ ಜಾಣತನಕ್ಕೆ ನಗುತ್ತ ಬಂದಿದ್ದೇವೆ, ಬೆಕ್ಕಿನ ಕಡೆಯಿಂದ ಯಾರೂ ಕಥೆ ಹೇಳಲಿಲ್ಲ. ಒಂದೇ ಸಲದ ಸುಡುವಿಕೆ ಅದಕ್ಕೆ ಜನ್ಮವಿಡೀ ಸಾಕಾಯಿತು. ನಮ್ಮ ಗಲ್ಲಿಯ ಬೆಕ್ಕು ಎಷ್ಟು ಸಲ ಸುಟ್ಟುಕೊಂಡಿದೆಯೋ ಯಾರು ಲೆಕ್ಕ ಇಟ್ಟಿದ್ದಾರೆ? ಗ್ಯಾಲರಿಯಿಂದ ಎರಚಿದ ನೀರು, ಹುಡುಗರ ಕಲ್ಲು, ಕಸಬರಿಗೆಯ ಏಟು. ಅದು ನಮ್ಮನ್ನು ನಂಬದಿರುವದು ಕೃತಘ್ನತೆಯಲ್ಲ, ಅನುಭವ.

ಇನ್ನೊಂದು ಕಾರಣವೂ ಉಂಟು, ಅದು ಹುಟ್ಟಿಗೆ ಸಂಬಂಧಪಟ್ಟದ್ದು. ಬೆಕ್ಕಿನ ಮರಿ ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದ ತನಕ ಯಾರನ್ನು ಕಂಡು ಬೆಳೆಯುವದೋ ಅವರನ್ನು ತನ್ನವರೆಂದು ತಿಳಿಯುವದು. ಆ ಕಾಲದಲ್ಲಿ ಮನುಷ್ಯನ ಕೈ ಸೋಕದಿದ್ದರೆ ಮುಂದೆ ಅದಕ್ಕೆ ಮನುಷ್ಯನೆಂದರೆ ದೊಡ್ಡದೊಂದು ನಾಯಿಯ ಹಾಗೆ. ಆದುದರಿಂದ ಬೀದಿಯ ಬೆಕ್ಕುಗಳಲ್ಲಿ ಎರಡು ಬಗೆ. ಮನೆಯಲ್ಲಿ ಬೆಳೆದು, ಯಜಮಾನ ಖೋಲಿ ಬಿಟ್ಟುಹೋದಾಗ ಬೀದಿಗೆ ಬಿದ್ದದ್ದು ಒಂದು; ಇದು ಹೆದರಿದ್ದರೂ ಒಳಗೆ ನೆನಪಿಟ್ಟಿರುವದು, ಕೆಲವು ವಾರಗಳಲ್ಲಿ ಹತ್ತಿರ ಬರುವದು. ಬೀದಿಯಲ್ಲಿಯೇ ಹುಟ್ಟಿ ಬೆಳೆದದ್ದು ಇನ್ನೊಂದು. ಇದಕ್ಕೆ ತಿಂಗಳುಗಳೇ ಬೇಕು, ಕೆಲವು ಕೊನೆಗೂ ಒಳಗೆ ಬಾರವು. ಅಂಥದಕ್ಕೆ ಮೆಟ್ಟಿಲ ಕೆಳಗೆ ಒಂದು ಒಣ ಜಾಗ, ದಿನಕ್ಕೆರಡು ಹೊತ್ತು ಕೂಳು, ಅಷ್ಟೇ ಮನೆ. ಬಲವಂತದಿಂದ ಹಿಡಿದು ಬಾಗಿಲು ಹಾಕುವದು ಉಪಕಾರವಲ್ಲವೆಂದೇ ನಮ್ಮ ಅಭಿಪ್ರಾಯ.

ಹಾಗೆ ನೋಡಿದರೆ ಬೆಕ್ಕನ್ನು ಮನುಷ್ಯನು ಹಿಡಿದು ತಂದದ್ದೇ ಅಲ್ಲ. ಪಶ್ಚಿಮ ಏಶಿಯದಲ್ಲಿ ಜನ ಬೇಸಾಯ ಕಲಿತು ಕಾಳು ಕೂಡಿಟ್ಟಾಗ ಇಲಿಗಳು ಬಂದವು, ಇಲಿಗಳ ಹಿಂದೆ ಆ ಸೀಮೆಯ ಕಾಡುಬೆಕ್ಕು ತಾನಾಗಿಯೇ ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲಿಯೇ ಒಂದು ಬೆಕ್ಕನ್ನು ಹೂಳಿದ್ದು 2004ರಲ್ಲಿ ಪ್ರಕಟವಾಯಿತು. ಇನ್ನು ನಮ್ಮ ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಜನರು ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದೇ ಪೂಜಿಸುತ್ತಾರೆ. ಅಡ್ಡ ಬಂದ ಬೆಕ್ಕಿಗೆ ಅಂಜಿ ಲೋಕಲ್ ಗಾಡಿ ತಪ್ಪಿಸಿಕೊಳ್ಳುವ ಮಿತ್ರರು ಒಮ್ಮೆ ಆ ಊರಿಗೆ ಹೋಗಿ ಬರಬೇಕು!

ಈಗ ಕೆಲಸದ ಮಾತು. ನಮ್ಮ ಚಾಳಿನ ಮೆಟ್ಟಿಲ ಕೆಳಗೆ ಬೂದುಪಟ್ಟೆಯ ಹೆಣ್ಣುಬೆಕ್ಕೊಂದು ಮಳೆಗಾಲದಲ್ಲಿ ಬಂದು ಸೇರಿತು. ನಾವು ಖೋಲಿಯವರು ಮೂವರು. ಒಬ್ಬರು ಪಾಳಿಯ ಕೆಲಸದವರು. ಮೊದಲು ಮಾಡಿದ ನಿಯಮವೆಂದರೆ ಹೊತ್ತು ತಪ್ಪಬಾರದು. ಬೆಳಗ್ಗೆ ಆರೂವರೆ, ರಾತ್ರಿ ಎಂಟೂವರೆ. ಅದೇ ತಟ್ಟೆ, ಅದೇ ಮೂಲೆ, ತಟ್ಟೆ ಇಡುವಾಗ ಅದೇ ಮೆಲುದನಿಯ ಕರೆ. ತಟ್ಟೆ ಇಟ್ಟು ಹತ್ತು ಮೊಳ ದೂರ ಸರಿದು ಕೂರುವದು. ನಿಂತರೆ ನಾವು ಅದಕ್ಕೆ ಗೋಪುರದಷ್ಟು ಎತ್ತರ, ಆದುದರಿಂದ ಕೂರಲೇಬೇಕು, ಅದೂ ಪಕ್ಕಕ್ಕೆ ತಿರುಗಿ. ನಾವು ಆ ಹೊತ್ತಿನಲ್ಲಿ ವಾಚನಾಲಯದ ಹಳೆಯ ಮಾಸಿಕ ಓದಿದೆವು. ಬೆಕ್ಕಿನ ದೃಷ್ಟಿಯಲ್ಲಿ ಓದುವ ಮನುಷ್ಯನಷ್ಟು ನಿರುಪದ್ರವಿ ಬೇರೆ ಇಲ್ಲ. ವಾರಕ್ಕೆ ಒಂದು ಗೇಣು ಹತ್ತಿರ. ಅದು ತಿನ್ನುವದನ್ನು ನಿಲ್ಲಿಸಿ ತಲೆ ಎತ್ತಿದರೆ ಎರಡು ಗೇಣು ಹಿಂದೆ.

ದಿಟ್ಟಿಸಿ ನೋಡಬಾರದು. ಪ್ರಾಣಿಗಳಲ್ಲಿ ದಿಟ್ಟಿಸುವದೆಂದರೆ ಜಗಳಕ್ಕೆ ಕರೆದ ಹಾಗೆ. ಅದರ ಬದಲು ಮೆಲ್ಲಗೆ ಕಣ್ಣು ಮುಚ್ಚಿ ಮೆಲ್ಲಗೆ ತೆರೆಯಿರಿ. ಇದು ಅಜ್ಜಿಯ ಮಾತೆನ್ನುವಿರೋ? 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳವರು ಪ್ರಯೋಗ ಮಾಡಿ ಪ್ರಕಟಿಸಿದ್ದಾರೆ: ಸುಮ್ಮನೆ ಕೂತವನಿಗಿಂತ ಹೀಗೆ ಕಣ್ಣು ಮುಚ್ಚಿ ತೆರೆದ ಅಪರಿಚಿತನ ಕೈಯ ಕಡೆಗೆ ಬೆಕ್ಕುಗಳು ಹೆಚ್ಚಾಗಿ ಬಂದವು. ಅವು ಮನೆಬೆಕ್ಕುಗಳು, ನಿಜ. ನಮ್ಮ ಮೆಟ್ಟಿಲ ಬೆಕ್ಕು ನವರಾತ್ರಿಯ ಹೊತ್ತಿಗೆ ಮೊದಲ ಸಲ ತಿರುಗಿ ಕಣ್ಣು ಮುಚ್ಚಿತು. ಸಂಕ್ರಾಂತಿಗೆ ಬೆರಳು ಮೂಸಿತು. ಬೆರಳನ್ನು ನೆಲದ ಹತ್ತಿರ ಹಿಡಿದಿರಬೇಕು, ಮೇಲಿನಿಂದ ತಲೆಯ ಮೇಲೆ ಇಳಿಸಬಾರದು. ಮೊದಲು ಮುಟ್ಟುವದು ಕೆನ್ನೆ. ಹೊಟ್ಟೆಯ ಗೊಡವೆ ಬೇಡವೇ ಬೇಡ. ಬಾಲ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಒರಗಿದರೆ ಅಂದಿನ ಪಾಠ ಮುಗಿಯಿತು.

ಕಚ್ಚಿದರೆ, ಪರಚಿದರೆ ಉಪೇಕ್ಷೆ ಮಾಡಬಾರದು. ಹುಚ್ಚುರೋಗ ನಾಯಿಯದು ಮಾತ್ರವಲ್ಲ, ಬೆಕ್ಕಿನಿಂದಲೂ ಬರುವದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ಮಿನಿಟು ತೊಳೆದು, ಅಂದೇ ಸರಕಾರಿ ಅಥವಾ ಮಹಾನಗರಪಾಲಿಕೆಯ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಸುಣ್ಣ, ಮೆಣಸಿನಪುಡಿ ಹಚ್ಚುವದು ಬೇಡ.

ಊಟದ ವಿಷಯದಲ್ಲಿ ನಮ್ಮಲ್ಲಿ ಶಾಕಾಹಾರಿಗಳಿಗೆ ಸ್ವಲ್ಪ ಕಹಿ ಮಾತು ಹೇಳಬೇಕಾಗಿದೆ. ಹಾಲು ಅನ್ನದಿಂದ ಬೆಕ್ಕು ಬದುಕದು. ಟಾರಿನ್ ಎಂಬ ಸತ್ತ್ವವನ್ನು ಅದರ ಶರೀರವು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮುಖ್ಯವಾಗಿ ಮಾಂಸ ಮೀನುಗಳಲ್ಲಿ ಸಿಗುವದು. ಅದಿಲ್ಲದೆ ಬೆಕ್ಕಿನ ಕಣ್ಣು ಕೆಡುವದು. ಹೃದಯವೂ ದುರ್ಬಲವಾಗುವದೆಂದು 1987ರಲ್ಲಿ ಅಮೇರಿಕದ ವೈದ್ಯರು ತೋರಿಸಿಕೊಟ್ಟರು. ಬೆಳೆದ ಬೆಕ್ಕಿಗೆ ಹಾಲು ಎಷ್ಟೋ ಸಲ ಭೇದಿ ತರುವದು. ಮನೆಯಲ್ಲಿ ಮೀನು ಬೇಯಿಸಲಾಗದವರಿಗೆ ಅಂಗಡಿಯ ಒಣ ಆಹಾರ ಉಂಟು. ಅದೂ ಬೇಡವೆನ್ನುವವರು ಆಕಳು ಸಾಕಲಿ, ಬೆಕ್ಕು ಬೇಡ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಅದಕ್ಕೆ ವಿಷ. ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆ ಕೊಟ್ಟರೆ ಸತ್ತೇಹೋಗುವದು.

ಒಳಗೆ ತರುವ ಮುಂಚೆ ಸಂತಾನಹರಣ ಶಸ್ತ್ರಕ್ರಿಯೆ ಆಗಲಿ. ನಾಲ್ಕು ಐದು ತಿಂಗಳಿಗೇ ಹೆಣ್ಣುಬೆಕ್ಕು ಗಬ್ಬವಾಗಬಲ್ಲುದು, ಒಂಬತ್ತು ವಾರಗಳಲ್ಲಿ ಮರಿ. ಒಂದು ಬೆಕ್ಕಿಗೆ ಮನೆ ಕೊಟ್ಟು ಹತ್ತನ್ನು ಬೀದಿಗೆ ಕೊಡುವದರಲ್ಲಿ ಅರ್ಥವಿಲ್ಲ. ಇದಕ್ಕೆ ಹಳೆಯ ಹೆಸರೆಂದರೆ ಪರಳದ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆ, 1874ರಲ್ಲಿ ಸ್ಥಾಪನೆಯಾದ ಪ್ರಾಣಿದಯಾ ಸಂಘದ್ದು, ಠಾಣೆಯಲ್ಲಿಯೂ ಪಶುವೈದ್ಯರುಂಟು. ಹುಚ್ಚುರೋಗದ ಲಸಿಕೆಯನ್ನೂ ಆಗಲೇ ಹಾಕಿಸಿಬಿಡಬಹುದು. ಕೈಯಿಂದ ಹಿಡಿಯಬೇಡಿರಿ, ಪಂಜರದೊಳಗೆ ಒಂದು ವಾರ ತಟ್ಟೆ ಇಟ್ಟು ರೂಢಿ ಮಾಡಿಸಿದರೆ ತಾನಾಗಿಯೇ ಹೊಕ್ಕುವದು.

ಖೋಲಿ ಚಿಕ್ಕದೆಂದು ಸಂಕೋಚ ಬೇಡ, ಹೆದರಿದ ಬೆಕ್ಕಿಗೆ ಚಿಕ್ಕ ಜಾಗವೇ ಹಿತ. ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ, ಅದು ಮೆಟ್ಟಿಲ ಕೆಳಗೆ ಮಲಗುತ್ತಿದ್ದ ಅದೇ ಗೋಣಿಚೀಲ, ದೂರದ ಮೂಲೆಯಲ್ಲಿ ಮರಳಿನ ತಟ್ಟೆ. ಗೋಣಿಯನ್ನು ಒಗೆಯಬಾರದು, ತನ್ನ ವಾಸನೆಯೇ ಅದಕ್ಕೆ ಮನೆಯ ವಿಳಾಸ. ಅಡಗುವ ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಬೇಗ ನೆಮ್ಮದಿಗೆ ಬರುವವೆಂದು 2014ರಲ್ಲಿ ಹಾಲೆಂಡಿನವರು ಒಂದು ಆಶ್ರಯಧಾಮದಲ್ಲಿ ಕಂಡುಕೊಂಡರು. ಮೂರು ನಾಲ್ಕು ವಾರ ಹೊರಗೆ ಬಿಡಬೇಡಿರಿ, ಕಿಟಕಿಗೆ ಜಾಳಿಗೆ ಹಾಕಿರಿ. ಖೋಲಿಯ ಮಾಲಕರ ಒಪ್ಪಿಗೆ ಮೊದಲೇ ಕೇಳಿರಿ. ಹನ್ನೊಂದು ತಿಂಗಳ ಕರಾರಿನವರಂತೂ ತಪ್ಪದೆ ಕೇಳಬೇಕು. ನಮ್ಮ ಬೆಕ್ಕು ಯುಗಾದಿಯ ಹಿಂದಿನ ವಾರ ಒಳಗೆ ಬಂತು. ಐದು ದಿನ ಪೆಟ್ಟಿಗೆಯಲ್ಲಿಯೇ ಇದ್ದು ನಾವು ಮಲಗಿದ ಮೇಲೆ ತಿನ್ನುತ್ತಿತ್ತು. ಆರನೆಯ ರಾತ್ರಿ ಪಾಳಿ ಮುಗಿಸಿ ಬಂದವರ ಚಪ್ಪಲಿಯ ಮೇಲೆ ಮಲಗಿತ್ತು.

ಕೊನೆಯದಾಗಿ ಮೇ ತಿಂಗಳ ಪ್ರಶ್ನೆ. ನಾವು ಊರಿಗೆ ಹೋಗುವ ಜನ. ಜಾತ್ರೆ, ಮದುವೆ, ತಾಯಿಯ ಕಾಯಿಲೆ. ಕೆಲವರಿಗೆ ಬದಲಿಯೂ ಆಗುವದು. ಆರು ತಿಂಗಳು ಕೂತು ನಂಬಿಸಿದ ಪ್ರಾಣಿಯನ್ನು ಬಾಗಿಲಾಚೆ ಬಿಟ್ಟು ಗಾಡಿ ಹತ್ತಿದರೆ, ಅದು ಮೊದಲಿದ್ದದ್ದಕ್ಕಿಂತ ಕಷ್ಟಕ್ಕೆ ಬೀಳುವದು. ಈಗ ಅದು ಓಡುವದನ್ನೂ ಮರೆತಿರುವದು. ಉಪವಾಸ ಬೀಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವದು 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯಂತೆ ಅಪರಾಧವೂ ಹೌದು. ಆದುದರಿಂದ ಮೊದಲ ತಟ್ಟೆ ಇಡುವ ಮುಂಚೆಯೇ ಇನ್ನೊಬ್ಬ ಮನುಷ್ಯನನ್ನು ಗೊತ್ತುಮಾಡಿಕೊಂಡಿರಿ. ಬೆಕ್ಕನ್ನು ಗಾಡಿಯಲ್ಲಿ ಹೊತ್ತೊಯ್ಯುವದಕ್ಕಿಂತ ಅದರ ಖೋಲಿಯಲ್ಲಿಯೇ ಬಿಟ್ಟು, ದಿನಕ್ಕೆರಡು ಸಲ ಬಂದು ಹೋಗುವವರನ್ನು ಇಡುವದು ಮೇಲು. ನಾವು ಹೋದಾಗ ಪಕ್ಕದ ಸಿಂಧಿ ಅಜ್ಜಿ ನೋಡಿಕೊಂಡರು. ಎರಡು ದಿನ ಪೆಟ್ಟಿಗೆ ಬಿಟ್ಟು ಬರಲಿಲ್ಲವಂತೆ, ಮೂರನೆಯ ದಿನ ಅವರ ಕೈಯಿಂದಲೇ ತಿಂದಿತಂತೆ.

ಕೋಪರಿಯಲ್ಲಿರುವ ಸದಸ್ಯರು ಯಾರಾದರೂ ಬೆಕ್ಕು ಇಟ್ಟುಕೊಂಡು ಊರಿಗೆ ಹೊರಡುವವರಿದ್ದರೆ ಬೀಗದ ಕೈಯನ್ನು ನಮ್ಮಲ್ಲಿ ಕೊಡಬಹುದು. ಒಂದು ವಾರ ಮುಂಚೆಯೇ ನಮ್ಮನ್ನು ಕರೆಯಿರಿ. ಬಂದು ಒಂದು ಮೂಲೆಯಲ್ಲಿ ಕೂತು ಮಾಸಿಕ ಓದುವೆವು.