ಹಾಸಿಗೆಯ ಕೆಳಗಿನ ಚೀಟಿ

(ಶುಕ್ರವಾರದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)

 

ರಕ್ತದಾನದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ನಮಗೆ ಹೇಳಿದ್ದರು. ಅದನ್ನು ಜಪಾನಿನ ಒಬ್ಬ ಹುಡುಗಿಯಿಂದ ಶುರು ಮಾಡ್ತೇವೆ. ಸಡಾಕೊ ಸಸಾಕಿ. ಕಾಗದದ ಕೊಕ್ಕರೆ ಮಡಚಿದ ಹುಡುಗಿ ಅಂತ ನಿಮ್ಮ ಮಕ್ಕಳು ಶಾಲೆಯಲ್ಲಿ ಕೇಳಿರಬಹುದು. ನಮಗೆ ಕೊಕ್ಕರೆಗಿಂತ ಅವಳ ಮನೆಯ ಕಥೆಯೇ ಮುಖ್ಯ.

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅವಳಿಗೆ 2 ವರ್ಷ. ಮೈಮೇಲೆ ಗಾಯ ಕಾಣಲಿಲ್ಲ. ಬೆಳೆದಳು, ಶಾಲೆಯ ರಿಲೇ ಓಟದಲ್ಲಿ ಮುಂದಿದ್ದಳು. 1954ರ ಕೊನೆಗೆ ಶೀತವಾಯಿತು, ಕತ್ತಿನಲ್ಲಿ ಗಂಟು ಕಾಣಿಸಿತು. ಆಮೇಲೆ ಕಾಲಿನಲ್ಲಿ ನೇರಳೆ ಬಣ್ಣದ ಕಲೆಗಳು. 1955ರ ಫೆಬ್ರವರಿ 21ರಂದು ರೆಡ್ ಕ್ರಾಸ್ ಆಸ್ಪತ್ರೆಗೆ ಸೇರಿಸಿದರು. ರಕ್ತದ ಕ್ಯಾನ್ಸರ್. ಹೆಚ್ಚೆಂದರೆ ಒಂದು ವರ್ಷ ಅಂತ ಡಾಕ್ಟರ್ ತಂದೆಗೆ ಹೇಳಿದರು.

ತಂದೆ ಕ್ಷೌರದಂಗಡಿಯವರು. ಸ್ನೇಹಿತನ ಸಾಲಕ್ಕೆ ಜಾಮೀನು ನಿಂತು ಕೈ ಸುಟ್ಟುಕೊಂಡಿದ್ದರು. (ಇಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಇದು ಗೊತ್ತಿಲ್ಲ ಹೇಳಿ!) ಮನೆಯಲ್ಲಿ ಇನ್ನೂ ಮೂವರು ಮಕ್ಕಳು. ಬಾಂಬ್ ಸಂತ್ರಸ್ತರಿಗೆ ಸರಕಾರದ ಖರ್ಚಿನಲ್ಲಿ ಚಿಕಿತ್ಸೆ ಕೊಡುವ ಕಾನೂನು ಅಲ್ಲಿ ಬಂದದ್ದು 1957ರಲ್ಲಿ. ಅಂದರೆ ಈ ಮನೆಯವರು ಔಷಧಕ್ಕೆ, ರಕ್ತ ಕೊಡಿಸೋದಕ್ಕೆ ತಾವೇ ದಾರಿ ಹುಡುಕಬೇಕಾಯಿತು.

ರೋಗದ ಹೆಸರನ್ನು ಮಗಳಿಗೆ ಯಾರೂ ಹೇಳಲಿಲ್ಲ. ಪಾಪ, ಹೇಳೋದು ಹೇಗೆ? ಆದರೆ ಅವಳು ತೀರಿಹೋದ ಮೇಲೆ ಹಾಸಿಗೆಯ ಕೆಳಗೆ ಒಂದು ಚೀಟಿ ಸಿಕ್ಕಿತು. ರಕ್ತ ಪರೀಕ್ಷೆಯ ಲೆಕ್ಕ. ಬಿಳಿ ರಕ್ತಕಣ ಎಷ್ಟು, ಕೆಂಪು ಎಷ್ಟು, ಎಲ್ಲವನ್ನೂ ಗುಟ್ಟಾಗಿ ಬರೆದಿಟ್ಟಿದ್ದಳು. ದೊಡ್ಡವರು ಅವಳಿಂದ ಮುಚ್ಚಿಟ್ಟರು, ಅವಳು ದೊಡ್ಡವರಿಂದ ಮುಚ್ಚಿಟ್ಟಳು.

ನಮ್ಮ ಮನೆಗಳಲ್ಲಿ ಇನ್ನೂ ಒಂದು ಮುಚ್ಚುಮರೆ ಇದೆ. ಮಗುವಿಗೆ ಹುಷಾರಿಲ್ಲ ಅಂತ ಪರದೇಶದಲ್ಲಿರುವ ತಂದೆಗೇ ಹೇಳೋದಿಲ್ಲ. "ಅವರು ಬಿಸಿಲಲ್ಲಿ ದುಡೀತಾರೆ, ಸುಮ್ಮನೆ ಟೆನ್ಶನ್ ಯಾಕೆ" ಅಂತ ಉಮ್ಮಂದಿರು ಒಬ್ಬರೇ ಹೊರುತ್ತಾರೆ. ನಮ್ಮ ಬಳಗದ ಒಬ್ಬರಿಗೆ ಮಗನ ಜ್ವರದ ಸುದ್ದಿ ಮೂರು ವಾರದ ಮೇಲೆ ತಲುಪಿತು, ಅದೂ ನೆಂಟರ ವಾಟ್ಸ್ಆ್ಯಪ್ ಮೆಸೇಜಿನಲ್ಲಿ. ಆ ಸಹೋದರಿಯನ್ನು ನಾವು ದೂರುವುದಿಲ್ಲ. ಫೋನಿನಲ್ಲಿ ನಾವು ಹಣದ ಮಾತನ್ನೇ ಆಡಿದರೆ ಅವರಿಗೂ ಹೇಳಲು ಜಾಗ ಎಲ್ಲಿ?

ಸಡಾಕೊಳ ಕಾಲದಲ್ಲಿ ಈ ರೋಗವನ್ನು ಗುಣಪಡಿಸುವ ಔಷಧ ಇರಲಿಲ್ಲ. ಇವತ್ತು ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಲವು ಕಡೆ 30 ಕೂಡ ದಾಟೋದಿಲ್ಲ. ರೋಗ ಒಂದೇ. ತಡವಾಗಿ ಗೊತ್ತಾಗೋದು, ಹಣವಿಲ್ಲದೆ ಅಥವಾ "ಈಗ ಹುಷಾರಾಗಿದ್ದಾನಲ್ಲ" ಅಂತ ಅರ್ಧದಲ್ಲಿ ಚಿಕಿತ್ಸೆ ಬಿಡೋದು, ಇವೂ ಮಕ್ಕಳ ಜೀವ ತೆಗೆಯುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡು-ಮೂರು ವರ್ಷ ಚಿಕಿತ್ಸೆ ಬೇಕು. ಮಗು ಆಟ ಆಡ್ತಾ ಇದ್ದರೂ ಬಿಡಬಾರದು.

ಬಿಡದ ಜ್ವರ, ಬಿಳಿಚಿಕೊಂಡ ಮುಖ, ಪೆಟ್ಟಿಲ್ಲದೆ ಮೈಮೇಲೆ ಕಲೆ, ಮೂಳೆ ನೋವು, ಕತ್ತಿನಲ್ಲಿ ಕರಗದ ಗಂಟು ಕಂಡರೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಬಹಳ ಸಲ ಅದು ಬೇರೇನೋ ಆಗಿರುತ್ತದೆ, ಒಳ್ಳೆಯದೇ ಆಯಿತು. ಬೆಂಗಳೂರಿನಲ್ಲಿ ಸರಕಾರದ ಕಿದ್ವಾಯಿ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಖರ್ಚಿನ ಶೇ. 30ರಂತೆ ಒಂದೂವರೆ ಲಕ್ಷದವರೆಗೆ ನೆರವು ಇದೆ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿಸಿದ್ದೀರಾ? ಅದನ್ನು ಈಗಲೇ ನೋಡಿ.

ಇನ್ನು ರಕ್ತ. ಈ ಚಿಕಿತ್ಸೆಯಲ್ಲಿ ಮಗುವಿಗೆ ಪ್ಲೇಟ್‌ಲೆಟ್ ಮತ್ತೆ ಮತ್ತೆ ಬೇಕಾಗುತ್ತದೆ. ಅದನ್ನು ಸುಮಾರು 5 ದಿನಕ್ಕಿಂತ ಹೆಚ್ಚು ಕೂಡಿಡಲು ಆಗೋದಿಲ್ಲ. ಹಾಗಾಗಿ ವರ್ಷಕ್ಕೊಂದು ಶಿಬಿರ ಮಾಡಿ ಫೋಟೋ ತೆಗೆದರೆ ಸಾಲದು.

ಕೊಕ್ಕರೆಯ ವಿಷಯ ಬಿಟ್ಟರೆ ನೀವು ಕೇಳುತ್ತೀರಿ. ಆಸ್ಪತ್ರೆಗೆ ನಾಗೋಯಾದಿಂದ ಕಾಗದದ ಕೊಕ್ಕರೆಗಳು ಬಂದಿದ್ದವು. ಸಾವಿರ ಮಡಚಿದರೆ ಆಸೆ ಈಡೇರುತ್ತದೆ ಅನ್ನುವುದು ಅಲ್ಲಿನವರ ನಂಬಿಕೆ. ಕಾಗದ ಸಾಲದೆ ಔಷಧ ಸುತ್ತಿದ ಕಾಗದದಲ್ಲೂ ಮಡಚಿದಳು. ಸಾವಿರ ತುಂಬಲಿಲ್ಲ ಅಂತ ಪುಸ್ತಕದಲ್ಲಿ ಬಂತು. ಸಾವಿರ ದಾಟಿತ್ತು ಅಂತ ಅವಳ ಅಣ್ಣ ಹೇಳಿದ್ದಾರೆ, ನಾವು ಅಣ್ಣನ ಮಾತನ್ನೇ ನಂಬುತ್ತೇವೆ. 1955ರ ಅಕ್ಟೋಬರ್ 25ರಂದು, ಏನಾದರೂ ತಿನ್ನು ಅಂದಾಗ, ಅನ್ನಕ್ಕೆ ಚಹಾ ಹಾಕಿ ಕೊಡಿ ಅಂದಳಂತೆ. ಎರಡು ತುತ್ತು ತಿಂದು, ಚೆನ್ನಾಗಿದೆ ಅಂದಳಂತೆ. ವಯಸ್ಸು 12. ಅವಳ ಸಹಪಾಠಿಗಳು ಶುರು ಮಾಡಿದ ಚಂದಾ ಕೆಲಸಕ್ಕೆ ದೇಶದ ಅನೇಕ ಶಾಲೆಗಳು ಕೈಜೋಡಿಸಿ, 1958ರ ಮೇ 5ರಂದು ಹಿರೋಶಿಮಾದಲ್ಲಿ ಮಕ್ಕಳ ಸ್ಮಾರಕ ಎದ್ದಿತು.

ಬಾಗಿಲ ಹತ್ತಿರ ಮೇಜಿನ ಮೇಲೆ ರಕ್ತದಾನಿಗಳ ಪುಸ್ತಕ ಇದೆ. ಗುಂಪು ಗೊತ್ತಿಲ್ಲದವರೂ ಹೆಸರು ಬರೆಸಿ, ಪರೀಕ್ಷೆ ನಾವು ಮಾಡಿಸುತ್ತೇವೆ. ರಾತ್ರಿ ಊರಿಗೆ ಫೋನ್ ಮಾಡಿದಾಗ, ಹಣ ಬಂತಾ ಅಂತ ಕೇಳುವ ಮೊದಲು ಮಗುವಿಗೇ ಫೋನ್ ಕೊಡಲು ಹೇಳಿ. ಎಲ್ಲಾದರೂ ನೋವಿದೆಯಾ ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.